ಹಳೇ ಫೋಟೋ ಹಂಚುವ ಮುಂಚೆ ಅದರ ಹಿಂಬದಿ ನೋಡಿ

ನಮ್ಮ ಕೋಲಾರದ ಹಳೇ ಫೋಟೋ ಅಂತ ವಾಟ್ಸಾಪ್‌ನಲ್ಲಿ ಆಗಾಗ ಬರ್ತಾನೇ ಇರುತ್ತದೆ. ಯಾವ ವರ್ಷದ್ದು, ಯಾರು ತೆಗೆದದ್ದು, ಮೂಲ ಎಲ್ಲಿದೆ ಅಂತ ಕೇಳಿದರೆ "ಫಾರ್ವರ್ಡ್ ಬಂತು" ಅಂತಾರೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗ್ರಂಥಾಲಯದವರು, ಮ್ಯೂಸಿಯಂನವರು ಅಷ್ಟು ವರ್ಷ ಕಾಪಾಡಿಕೊಂಡು ಬಂದ ಫೋಟೋ ನಮ್ಮ ಕೈಗೆ ಬಂದ ಒಂದೇ ವಾರಕ್ಕೆ ಅನಾಥವಾಗಿಬಿಡುತ್ತೆ.

ಹುಡುಕುವುದರಿಂದ ಶುರು ಮಾಡೋಣ. ಜನ ಜಾಸ್ತಿ ಎಡವುವುದು ಹೆಸರಿನಲ್ಲಿ. ಆನ್‌ಲೈನ್ ಸಂಗ್ರಹಗಳಲ್ಲಿ ಬಂಗಾರಪೇಟೆ ಅಂತ ಕೊಟ್ಟರೆ ಏನೂ ಸಿಗದಿರಬಹುದು, ಬೌರಿಂಗ್‌ಪೇಟೆ ಅಂತ ಕೊಟ್ಟು ನೋಡಿ, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರು ಆಗ ಆ ಊರಿಗಿತ್ತು. ನಂದಿ ಬೆಟ್ಟ ಹಳೇ ಪಟ್ಟಿಗಳಲ್ಲಿ ನಂದಿದ್ರೂಗ್. ತುಮಕೂರು 2014ರವರೆಗೂ ಇಂಗ್ಲಿಷಿನಲ್ಲಿ ಟುಮ್ಕೂರ್. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದೇ 2007ರಲ್ಲಿ, ಅದಕ್ಕೆ ಮುಂಚಿನ ಪಟ್ಟಿಯಲ್ಲಿ ಶಿಡ್ಲಘಟ್ಟ, ಗೌರಿಬಿದನೂರು, ನಂದಿ ಎಲ್ಲವೂ ಕೋಲಾರ ಜಿಲ್ಲೆಯೊಳಗೇ ಇರುತ್ತವೆ, ರಾಜ್ಯದ ಹೆಸರು 1973ರವರೆಗೆ ಮೈಸೂರು. ಕೋಲಾರದ ಚಿನ್ನದ ಗಣಿಯ ಫೋಟೋ ಬೇಕಾದರೆ ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಅಂತ ಒಂದೊಂದಾಗಿ ಹುಡುಕಿ.

ಗ್ರಂಥಾಲಯದಲ್ಲೋ ಮ್ಯೂಸಿಯಂನಲ್ಲೋ ಫೋಟೋ ಕೈಗೆ ಸಿಕ್ಕರೆ ಸುಮ್ನೆ ಮೊಬೈಲ್ ತೆಗೆದು ಕ್ಲಿಕ್ಕಿಸಬೇಡಿ. ಅಲ್ಲಿನವರನ್ನ ಕೇಳಿ, ಆನ್‌ಲೈನಿಗೆ ಹಾಕುತ್ತೇನೆ ಅಂತಲೂ ಹೇಳಿ. ಫ್ಲಾಶ್ ಬೇಡ. ಸ್ಕ್ಯಾನರ್ ಇದ್ದರೆ ಅದರ ಸ್ಪಷ್ಟತೆಯ ಅಳತೆಯನ್ನ 600 ಡಿಪಿಐಗೆ ಇಡಿ, ಗುಣಮಟ್ಟ ಕಳೆದುಕೊಳ್ಳದ ಟಿಫ್ ಫೈಲನ್ನ ಹಾಗೇ ಉಳಿಸಿಕೊಂಡು ಹಂಚಲು ಬೇರೆ ಚಿಕ್ಕ ಜೆಪೆಗ್ ಫೈಲ್ ಮಾಡಿಕೊಳ್ಳಿ.

ಆಮೇಲೆ ಫೋಟೋನ ಮೆಲ್ಲಗೆ ತಿರುಗಿಸಿ. ಇದನ್ನ ಮಾತ್ರ ಮರೆಯಬೇಡಿ. ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಅರ್ಧ ಅಳಿಸಿದ ಒಂದು ಸಾಲು, ಮೂಲೆಯಲ್ಲಿ ನೇರಳೆ ಬಣ್ಣದ ರಬ್ಬರ್ ಮೊಹರು, ಸಂಗ್ರಹದ ನಂಬರ್, ಅಂಟಿಸಿದ ರಟ್ಟಿನ ಕೆಳಗೆ ಸಣ್ಣಕ್ಷರದಲ್ಲಿ ಸ್ಟುಡಿಯೋ ಹೆಸರು. ಅದನ್ನೂ ಸ್ಕ್ಯಾನ್ ಮಾಡಿ. ಅಂಚು ಕತ್ತರಿಸಿ ಚಂದ ಮಾಡಲು ಹೋಗಬೇಡಿ, ಗುರುತೆಲ್ಲ ಆ ಅಂಚಿನಲ್ಲೇ ಇರುತ್ತದೆ.

ಬಣ್ಣ ಹಾಕುವ ಆ್ಯಪ್‌ಗಳೂ ನನಗೆ ಸರಿಕಾಣುವುದಿಲ್ಲ. ಮಸುಕಾದ ಬೋರ್ಡನ್ನ ಅವು ತಿದ್ದಿ ಇಲ್ಲದ ಅಕ್ಷರ ಬರೆಯುತ್ತವೆ, ಇಲ್ಲದ ಮುಖ ಮೂಡಿಸುತ್ತವೆ. ಮುಂದೆ ಅದೇ ನಿಜ ಅಂತ ಓಡಾಡುತ್ತದೆ, ಅಲ್ವಾ?

ಕಾಪಿರೈಟ್ ಹಕ್ಕಿನ ವಿಷಯ. ನಮ್ಮ ದೇಶದಲ್ಲಿ 1958ಕ್ಕೆ ಮುಂಚೆ ತೆಗೆದ ಫೋಟೋಗಳಿಗೆ ಹಳೇ ಕಾಯ್ದೆಯ ಲೆಕ್ಕದಲ್ಲಿ ತೆಗೆದಾಗಿನಿಂದ 50 ವರ್ಷದ ಹಕ್ಕು, ಈಗ ಅದು ಮುಗಿದಿದೆ ಅಂತಲೇ ಎಲ್ಲರೂ ಬಳಸಬಹುದಾದ ಚಿತ್ರಗಳ ಆನ್‌ಲೈನ್ ಸಂಗ್ರಹ ವಿಕಿಮೀಡಿಯಾ ಕಾಮನ್ಸ್‌ನವರೂ ಹಿಡಿಯುತ್ತಾರೆ. ಆಮೇಲಿನವಕ್ಕೆ ಅವಧಿ ಉದ್ದ, 2012ರ ತಿದ್ದುಪಡಿ ಬಂದಮೇಲೆ ತೆಗೆದವರ ಜೀವಿತಾವಧಿಯ ಜೊತೆಗೆ 60 ವರ್ಷ, ಹಾಗಾಗಿ ಅಂಥವನ್ನ ಅನುಮತಿ ಇಲ್ಲದೆ ಮುಟ್ಟಬೇಡಿ.

ಫೋಟೋ ಜೊತೆ ಬರೆಯುವ ಒಕ್ಕಣೆಯಲ್ಲಿ ಜಾಗ, ವರ್ಷ, ತೆಗೆದವರು, ಸಂಗ್ರಹದ ಹೆಸರು, ನಂಬರ್ ಇರಲಿ. ವರ್ಷ ಅಂದಾಜಾದರೆ ಅಂದಾಜು ಅಂತಲೇ ಬರೆಯಿರಿ. ಫಾರ್ವರ್ಡ್ ಆಗುವಾಗ ಒಕ್ಕಣೆ ಬಿಟ್ಟುಹೋಗುತ್ತದೆ, ಅದಕ್ಕೆ ಊರು, ವರ್ಷ, ನಂಬರ್ ಮೂರನ್ನೂ ಫೈಲಿನ ಹೆಸರಿನಲ್ಲೇ ಸೇರಿಸಿಬಿಡಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಹೆಸರೂ ಉಳಿಯುತ್ತದೆ, ಚಿತ್ರವೂ ಕುಗ್ಗುವುದಿಲ್ಲ.

ನಾನೇ ಒಂದು ಸಲ ತಪ್ಪು ಮಾಡಿದ್ದೆ. ನ್ಯಾರೋಗೇಜ್ ರೈಲಿನ ಫೋಟೋ ಒಂದನ್ನ ಕೋಲಾರ ಲೈನ್ ಅಂತ ಹಾಕಿದೆ. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲೇ ಆ ಪುಟ್ಟ ರೈಲು ಬಂದಿತ್ತಲ್ಲ, ಅದೇ ಇರಬೇಕು ಅಂದುಕೊಂಡೆ. ನಮ್ಮ ಬೀದಿಯ ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು ಮೊಬೈಲನ್ನ ಹತ್ತಿರ ಹಿಡಿದು ನೋಡಿ, "ಇದು ಕೋಲಾರದ ಅಂತರಗಂಗೆ ಬೆಟ್ಟ ಅಲ್ಲಪ್ಪಾ, ನಂದಿ. ಇಲ್ನೋಡು, ಈ ಕಡೆ ಬಂಡೆ ಹೇಗೆ ನೆಟ್ಟಗೆ ಇಳಿದಿದೆ" ಅಂದರು. ಅದು ನಂದಿ ಹಾಲ್ಟ್ ರೈಲು ನಿಲ್ದಾಣದ ಹತ್ತಿರದ ಜಾಗ. ಅವತ್ತಿನಿಂದ ಏನೇ ಹಾಕುವ ಮುಂಚೆ ಹಿರಿಯರಿಗೆ ತೋರಿಸುತ್ತೇನೆ, ಅವರು ಹೇಳಿದ್ದನ್ನ ಯಾರು, ಯಾವತ್ತು ಹೇಳಿದ್ದು ಅಂತ ಬರೆದಿಟ್ಟುಕೊಳ್ಳುತ್ತೇನೆ.

ಬರೆದಿಟ್ಟುಕೊಂಡಿದ್ದನ್ನ ಮೂಲ ಸಂಗ್ರಹದವರಿಗೂ ತಲುಪಿಸಿ. ಫೋಟೋ ನಂಬರ್ ಹಾಕಿ, ಗೊತ್ತಾದ ವಿಷಯ ಎರಡು ಸಾಲಿನಲ್ಲಿ ಬರೆದು ಕೊಟ್ಟರೆ ಸಾಕು. ನಂದಿಯ ಆ ಫೋಟೋಗೂ ಹಾಗೇ ಮಾಡಿದೆ. ಅವರ ಪುಸ್ತಕದಲ್ಲಿ ಅದರ ಮುಂದೆ ಜಾಗದ ಹೆಸರೇ ಇರಲಿಲ್ಲ, ಈಗ ಇದೆ.