ಹಾರ್ಡ್ ಡಿಸ್ಕ್ ಜೋಡಿಸುವ ಮುನ್ನ ಕೇಬಲ್ ಪರೀಕ್ಷಿಸಿಕೊಳ್ಳಿ
ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕೇಬಲ್ ಕೊಳ್ಳುವವರು ಹೆಚ್ಚಾಗಿ ತುದಿಯ ಆಕಾರವನ್ನಷ್ಟೇ ನೋಡುತ್ತಾರೆ. ಆದರೆ ಟೈಪ್-ಸಿ ಎಂಬುದು ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಮೊಬೈಲ್ ಚಾರ್ಜರಿನ ಜೊತೆಗೆ ಬರುವ ಅನೇಕ ಟೈಪ್-ಸಿ ಕೇಬಲ್‌ಗಳು ಯುಎಸ್‌ಬಿ 2.0 ಮಟ್ಟದವು, ಅಂದರೆ ಸೆಕೆಂಡಿಗೆ ಗರಿಷ್ಠ 480 ಮೆಗಾಬಿಟ್. 2008ರಲ್ಲಿ ಬಂದ ಯುಎಸ್‌ಬಿ 3.0ರ ಮಿತಿ 5 ಗಿಗಾಬಿಟ್, ಅದೇ ಟೈಪ್-ಸಿ ತುದಿಯನ್ನು ಬಳಸುವ ಇನ್ನೊಂದು ಸಂಪರ್ಕ ವಿಧಾನವಾದ ಥಂಡರ್‌ಬೋಲ್ಟ್ 3ರದು 40 ಗಿಗಾಬಿಟ್.

ಮದುವೆಯೊಂದರ 60 ಜಿಬಿ ವಿಡಿಯೊವನ್ನು ಎಸ್‌ಎಸ್‌ಡಿಯಿಂದ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ನಕಲಿಸಲು ನನಗೆ ಅರ್ಧ ಗಂಟೆ ಹಿಡಿದಿತ್ತು. ಕೇಬಲ್ ಬದಲಿಸಿದ ಮೇಲೆ ಅದೇ ಕೆಲಸ ನಾಲ್ಕು ನಿಮಿಷದೊಳಗೆ ಮುಗಿಯಿತು. ಆದ್ದರಿಂದ ದೊಡ್ಡ ಫೈಲೊಂದನ್ನು ನಕಲಿಸುತ್ತಾ ಪರದೆಯ ಮೇಲಿನ ವೇಗವನ್ನು ಗಮನಿಸಿ: ಅದು ಸೆಕೆಂಡಿಗೆ 40 ಮೆಗಾಬೈಟಿನ (ಎಂಟು ಬಿಟ್ ಸೇರಿ ಒಂದು ಬೈಟ್) ಆಸುಪಾಸಿನಲ್ಲೇ ನಿಂತರೆ ಕೇಬಲ್ ಅಥವಾ ಪೋರ್ಟ್ 2.0 ಆಗಿರುವ ಸಂಭವವೇ ಹೆಚ್ಚು. ಕಂಪ್ಯೂಟರಿನ ಹಳೆಯ ಆಯತಾಕಾರದ ಪೋರ್ಟಿನೊಳಗೆ ನೀಲಿ ಪಟ್ಟಿಯಿದ್ದರೆ ಅದು ಸಾಮಾನ್ಯವಾಗಿ 3.0.

ಕೀಬೋರ್ಡ್, ಮೌಸ್, ಪ್ರಿಂಟರ್‌ಗಳಿಗೆ 2.0 ಧಾರಾಳವಾಗಿ ಸಾಕು. ಮಿಂಚಿನ ಗುರುತಿನ ಥಂಡರ್‌ಬೋಲ್ಟ್ ಕೇಬಲ್ ದುಬಾರಿ. ಕಂಪ್ಯೂಟರ್ ಮತ್ತು ಡಿಸ್ಕ್ ಎರಡರಲ್ಲೂ ಆ ಸೌಲಭ್ಯವಿದ್ದರೆ ಮಾತ್ರ ಅದಕ್ಕೆ ಹಣ ಹಾಕಿ.