ಹುಬ್ಬಳ್ಳಿಯಲ್ಲೇ ಇದ್ದು ಎಬಿಎ ಸ್ನಾತಕೋತ್ತರ ಓದಿದ್ದು: ನನ್ನ ಅನುಭವ

ಸ್ಪೆಷಲ್ ಎಜುಕೇಟರ್‌ಗಳು, ಸ್ಪೀಚ್ ಥೆರಪಿಸ್ಟ್‌ಗಳು, ಸೈಕಾಲಜಿ ಎಂ.ಎ. ಮುಗಿಸಿದವರು ಫೋನ್ ಮಾಡಿ ಮೊದಲು ಕೇಳುವುದು ಒಂದೇ ಮಾತು, ಎಬಿಎ ಬಗ್ಗೆ. ಆಟಿಸಂ ಇರುವ ಮಕ್ಕಳ ಜೊತೆ ಹೆಚ್ಚಾಗಿ ಬಳಸುವ, ವರ್ತನೆ ನೋಡಿ ಕಲಿಸುವ ವಿದ್ಯೆ ಅದು. "ಎಬಿಎ ಮಾಡಬೇಕಂತೀನ್ರಿ, ಯಾವ ಯೂನಿವರ್ಸಿಟಿ ಚಲೋ?" ನಾನು ಹೇಳುವುದೂ ಒಂದೇ ಮಾತು. ಯೂನಿವರ್ಸಿಟಿ ಆಮೇಲೆ ನೋಡಿ, ಮೊದಲು ಸೂಪರ್‌ವೈಸರ್ ಹುಡುಕಿ.

ಆನ್‌ಲೈನ್ ಪಾಠ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ನೀವು ಮಗುವಿನ ಮುಂದೆ ಕೂತಾಗ ನಿಮ್ಮ ಕೈ, ನಿಮ್ಮ ಮಾತು, ನಿಮ್ಮ ಅವಸರ ನೋಡಿ ತಿದ್ದುವವರು ಸುಲಭಕ್ಕೆ ಸಿಗಲ್ಲ. ನಾನು ಈ ಓದಿನಲ್ಲಿ ಕಲಿತದ್ದರ ಮುಕ್ಕಾಲು ಪಾಲು ಹಾಗೆ ತಿದ್ದಿಸಿಕೊಂಡಿದ್ದು.

ಎಬಿಎ ಅಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್. ಒಂದು ವರ್ತನೆಗೆ ಮುಂಚೆ ಏನಾಯಿತು, ಆಮೇಲೆ ಏನು ಸಿಕ್ಕಿತು ಅಂತ ನೋಡಿ, ಅಳತೆ ಮಾಡಿ, ಸುತ್ತಲಿನ ಸನ್ನಿವೇಶ ಬದಲಿಸಿ ಕಲಿಸುವ ವಿದ್ಯೆ. ಬೇರು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗಗಳಲ್ಲಿದೆ. 1968ರಲ್ಲಿ ಬೇಯರ್, ವುಲ್ಫ್, ರಿಸ್ಲಿ ಎಂಬ ಮೂವರು ಬರೆದ ಒಂದು ಲೇಖನ ಇದಕ್ಕೆ ಏಳು ಲಕ್ಷಣ ಗೊತ್ತು ಮಾಡಿತು. ಅದರಲ್ಲಿ ಮೊದಲನೆಯದು, ಬದಲಾಗುವ ವರ್ತನೆ ಆ ಮನುಷ್ಯನ ಬದುಕಿಗೆ ಬೇಕಾದದ್ದಾಗಿರಬೇಕು ಅನ್ನುವುದು. ಇವತ್ತಿಗೂ ಯಾವುದೇ ಗುರಿ ಬರೆಯುವ ಮೊದಲು ನಾನು ಅದನ್ನೇ ಕೇಳಿಕೊಳ್ಳುತ್ತೇನೆ.

ನಾನು ಸ್ಪೆಷಲ್ ಎಜುಕೇಷನ್‌ನಲ್ಲಿ ಬಿ.ಎಡ್. ಮಾಡಿ, ಆರ್‌ಸಿಐ (ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಕೇಂದ್ರದ ಮಂಡಳಿ) ನೋಂದಣಿ ಮಾಡಿಸಿ, ಹುಬ್ಬಳ್ಳಿ ವಿದ್ಯಾನಗರದ ವಿಶೇಷ ಮಕ್ಕಳ ಒಂದು ಸೆಂಟರ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಗದಗ, ಕುಂದಗೋಳ, ನವಲಗುಂದ, ಹಾವೇರಿ ಕಡೆಯಿಂದ ತಾಯಂದಿರು ಬಸ್ಸು ಹತ್ತಿ ಮಕ್ಕಳನ್ನು ಕರೆತರುತ್ತಿದ್ದರು. ಕೈಯಲ್ಲಿ ಧಾರವಾಡದ ಡಿಮ್ಹಾನ್ಸ್‌ದೋ ಬೆಂಗಳೂರಿನ ನಿಮ್ಹಾನ್ಸ್‌ದೋ ಫೈಲು. ಅಕ್ಷರ, ಬಣ್ಣ, ಲೆಕ್ಕ ಕಲಿಸಲು ನನಗೆ ಬರುತ್ತಿತ್ತು. ಆದರೆ ಮಗು ತನ್ನ ಕೈ ತಾನೇ ಕಚ್ಚಿಕೊಳ್ಳುತ್ತದೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ ಅಂತ ತಾಯಿ ಅತ್ತಾಗ ಹೇಳಲು ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಅದಕ್ಕೇ ಮನೆಯಿಂದಲೇ, ಅಮೆರಿಕದ ಒಂದು ಯೂನಿವರ್ಸಿಟಿಯ ಆನ್‌ಲೈನ್ ಓದಿಗೆ ಇಳಿದೆ.

ಸೇರುವ ಮೊದಲು ಸರ್ಟಿಫಿಕೇಟ್ ವಿಷಯ ಸರಿಯಾಗಿ ತಿಳಿದುಕೊಳ್ಳಿ, ಇಲ್ಲಿ ಜಾಸ್ತಿ ಗೊಂದಲ ಇದೆ. ಎಲ್ಲರೂ ಹೇಳುವ ಬಿಸಿಬಿಎ, ಅಂದರೆ ಬಿಹೇವಿಯರ್ ಅನಾಲಿಸ್ಟ್ ಅನ್ನುವ ಸರ್ಟಿಫಿಕೇಟ್, ಅಮೆರಿಕದ ಬಿಎಸಿಬಿ ಎಂಬ ಮಂಡಳಿಯದು. 1998ರಲ್ಲಿ ಶುರುವಾದ ಮಂಡಳಿ ಅದು. 2023ರ ಜನವರಿಯಿಂದ ಭಾರತದಲ್ಲಿ ಇರುವವರು ಅಲ್ಲಿಗೆ ಹೊಸದಾಗಿ ಅರ್ಜಿ ಹಾಕಲು ಆಗುವುದಿಲ್ಲ. "ಈ ಕೋರ್ಸ್ ಮಾಡಿದರೆ ಬಿಸಿಬಿಎ ಆಗ್ತೀರಿ" ಅಂತ ಯಾರಾದರೂ ಜಾಹೀರಾತು ಕೊಟ್ಟರೆ, ಹುಬ್ಬಳ್ಳಿಯಲ್ಲೇ ಇದ್ದುಕೊಂಡು ಆಗಬಹುದಾ ಅಂತ ನೇರ ಕೇಳಿ. ಇಲ್ಲಿಂದ ನಮಗೆ ಇರುವ ದಾರಿ, ಇಂಥದ್ದೇ ಸರ್ಟಿಫಿಕೇಟ್ ಕೊಡುವ ಐಬಿಎಒ ಮತ್ತು ಕ್ಯೂಎಬಿಎ ಎಂಬ ಸಂಸ್ಥೆಗಳದ್ದು. ಐಬಿಎಒದ ಐಬಿಎ ಸರ್ಟಿಫಿಕೇಟ್‌ಗೆ 270 ಗಂಟೆ ಪಾಠ, ಸೂಪರ್‌ವೈಸರ್ ಕೈಕೆಳಗೆ 1000 ಗಂಟೆ ಕೆಲಸ, ಆಮೇಲೆ ಪರೀಕ್ಷೆ. ನಿಯಮ ಆಗಾಗ ಬದಲಾಗುತ್ತವೆ, ಹಾಗಾಗಿ ಅರ್ಜಿ ಹಾಕುವ ದಿನ ಅವರ ಕೈಪಿಡಿಯನ್ನೇ ಓದಿ.

ಇನ್ನೊಂದು. ಈ ಸರ್ಟಿಫಿಕೇಟ್ ಬಂತು ಅಂತ ಆರ್‌ಸಿಐ ನೋಂದಣಿ ಬೇಡ ಅಂತಲ್ಲ. ಎರಡೂ ಬೇರೆ ಬೇರೆ. ಸರ್ಕಾರಿ ನೌಕರಿ ಅಥವಾ ಪಿಎಚ್.ಡಿ. ಮನಸ್ಸಿನಲ್ಲಿದ್ದರೆ, ವಿದೇಶದ ಆನ್‌ಲೈನ್ ಪದವಿಯನ್ನು ಇಲ್ಲಿನ ಪದವಿಗೆ ಸಮ ಅಂತ ಒಪ್ಪುತ್ತಾರೋ ಇಲ್ಲವೋ ಅಂತ ಫೀಸ್ ಕಟ್ಟುವ ಮೊದಲೇ ಕೇಳಿಕೊಳ್ಳಬೇಕು.

ಫೀಸ್ ಕಟ್ಟುವುದು ಬ್ಯಾಂಕಿನಲ್ಲಿ ವಿದೇಶಕ್ಕೆ ದುಡ್ಡು ಕಳಿಸುವ ಎ2 ಫಾರ್ಮ್ ತುಂಬಿ, ಪ್ಯಾನ್ ಕೊಟ್ಟು. ಏಪ್ರಿಲ್ 2025ರಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷದ ತನಕ ಕಳಿಸಿದರೆ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ) ಹಿಡಿಯುವುದಿಲ್ಲ. ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡಾದರೆ ಅದರ ಮೇಲೂ ಇಲ್ಲ. ಡಾಲರ್ ಏರಿದರೆ ಕಂತೂ ಏರುತ್ತದೆ, ಅದಕ್ಕೆ ಸ್ವಲ್ಪ ಜಾಸ್ತಿಯೇ ಎತ್ತಿಡಿ.

ಕ್ಲಾಸು ಅಮೆರಿಕದ ಪೂರ್ವ ಕರಾವಳಿಯ ಸಂಜೆ ಆರೂವರೆಗೆ. ನಮಗೆ ಬೆಳಗಿನ ಜಾವ ನಾಲ್ಕು. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ನಮಗೆ ಐದು ಗಂಟೆ, ಮಾರ್ಚ್‌ನಲ್ಲಿ ಮತ್ತೆ ನಾಲ್ಕು. ಆ ಹೊತ್ತಿಗೆ ಮನೆಯಲ್ಲಿ ಎಲ್ಲರೂ ಮಲಗಿರುತ್ತಾರೆ, ಓದಿಗೆ ಒಳ್ಳೆಯ ಸಮಯವೇ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ವೈಫೈಗೂ ಇನ್ವರ್ಟರ್ ಲೈನ್ ಎಳೆಸಿಕೊಳ್ಳಿ, ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ. ಪರೀಕ್ಷೆ ವೆಬ್‌ಕ್ಯಾಮ್ ಮುಂದೆ. ಕೋಣೆಯೊಳಗೆ ಯಾರೂ ಬರುವಂತಿಲ್ಲ, ಮನೆಯವರಿಗೆ ಮೊದಲೇ ಹೇಳಿಡಬೇಕು.

ಇಷ್ಟೆಲ್ಲಾ ಹೇಗೋ ಆಗುತ್ತದೆ. ನಿಜವಾದ ಓದು ಮಗುವಿನ ಮನೆಯಲ್ಲಿ.

ಹಳೇ ಹುಬ್ಬಳ್ಳಿಯ ಒಂದು ಮನೆಯ ಕೆಲಸವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಮನೆಯವರು ಒಪ್ಪಿದ್ದಾರೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಎಂಟು ವರ್ಷದ ಹುಡುಗ. ಎರಡು ಮೂರು ಪದ ಮಾತಾಡುತ್ತಾನೆ. ಸಂಜೆ ಹೊತ್ತು ಬಲಗೈ ಕಚ್ಚಿಕೊಂಡು ಚರ್ಮ ಗಟ್ಟಿಯಾಗಿತ್ತು. ಅಪ್ಪ ಸಿಟ್ಟು ಅಂದರು, ಅಜ್ಜಿ ದೃಷ್ಟಿ ಅಂದರು, ರೊಟ್ಟಿ ಬಡಿಯುವ ಸಪ್ಪಳಕ್ಕೆ ಹೀಗೆ ಮಾಡುತ್ತಾನೇನೋ ಅಂತ ತಾಯಿಯ ಅನುಮಾನ. ಮೊದಲು ಹಲ್ಲು, ಕಿವಿ ಡಾಕ್ಟರಿಗೆ ತೋರಿಸಿಕೊಂಡು ಬರಲು ಹೇಳಿದೆ. ನೋವಿದ್ದರೆ ಮಗು ಹೇಳಲಾರದು, ಕಚ್ಚಿಕೊಳ್ಳುತ್ತದೆ. ಅದನ್ನು ಬಿಟ್ಟು ವರ್ತನೆಯ ಬೆನ್ನು ಹತ್ತುವುದು ಸರಿಯಲ್ಲ. ಏನೂ ತೊಂದರೆ ಇಲ್ಲ ಅಂತ ಬಂದ ಮೇಲೆ ಬರೆದಿಡಲು ಶುರು ಮಾಡಿದೆವು.

ಬರೆಯುವುದಕ್ಕೂ ಒಂದು ರೀತಿ ಇದೆ. "ಸಿಟ್ಟು ಮಾಡಿದ" ಅಂತ ಬರೆದರೆ ಅಪ್ಪನ ಲೆಕ್ಕ ಒಂದು, ಅಮ್ಮನ ಲೆಕ್ಕ ಇನ್ನೊಂದು. ಅದಕ್ಕೆ "ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕೈಯ ಚರ್ಮಕ್ಕೆ ತಾಗಿದರೆ ಒಂದು ಸಲ" ಅಂತ ಗೊತ್ತು ಮಾಡಿಕೊಂಡೆವು. ಹಾಳೆಯಲ್ಲಿ ಮೂರು ಕಾಲಂ: ಮೊದಲು ಏನಿತ್ತು, ಏನು ಮಾಡಿದ, ಆಮೇಲೆ ಏನಾಯಿತು.

ಎಣಿಸಲು ಇಬ್ಬರು ಬೇಕು, ಒಬ್ಬರಿಗೊಬ್ಬರು ನೋಡದೆ ಎಣಿಸಬೇಕು. ಆಗ ಅಜ್ಜಿಯ ಬೆರಳಿನಲ್ಲಿ ಜಪ ಎಣಿಸುವ ಕೌಂಟರ್ ಕಂಡಿತು. ಅಮ್ಮಾರ, ಇದರಲ್ಲೇ ಎಣಿಸ್ತೀರಾ ಅಂತ ಕೇಳಿದೆ. "ಇದು ದೇವರ ಲೆಕ್ಕದ್ದರಿ ಬಾಯಾರ, ಇದರಾಗ ಬ್ಯಾಡ" ಅಂದರು. ಮರುದಿನ ಹುಡುಗನ ಅಪ್ಪ ದುರ್ಗದ ಬೈಲಿನಿಂದ ಅಂಥದ್ದೇ ಇನ್ನೊಂದು ತಂದುಕೊಟ್ಟ. ಅಜ್ಜಿ ಬಾಗಿಲ ಹತ್ತಿರ ಕೂತು ಎಣಿಸುತ್ತಿದ್ದರು, ನಾನು ಮೂಲೆಯಲ್ಲಿ. ಇಬ್ಬರ ಲೆಕ್ಕ ಎಷ್ಟು ಹೊಂದಿತು ಅಂತ ನೋಡಲು, ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಿ ನೂರರಿಂದ ಗುಣಿಸುವುದು. ನನ್ನದು 10, ಅವರದು 9 ಬಂದರೆ ಶೇ. 90. ಶೇ. 80ರ ಮೇಲಿದ್ದರೆ ನಂಬಬಹುದು ಅನ್ನುವುದು ರೂಢಿ. ಅಜ್ಜಿಯ ಎಣಿಕೆ ಯಾವತ್ತೂ ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಕ್ಲಾಸಿನಲ್ಲಿ ಈ ಎಣಿಕೆಯ ಗ್ರಾಫ್ ಇಟ್ಟಾಗ ಎರಡನೇ ವೀಕ್ಷಕರು ಯಾರು ಅಂತ ಕೇಳಿದರು. ಮಗುವಿನ ಅಜ್ಜಿ ಅಂತ ಹೆಮ್ಮೆಯಿಂದ ಹೇಳಿದೆ.

ಹಾಳೆ ತುಂಬಿದ ಮೇಲೆ ವಿಷಯ ಕಂಡಿತು. ರೊಟ್ಟಿ ಬಡಿಯುವಾಗ ಅವನು ಆರಾಮಾಗಿಯೇ ಇರುತ್ತಿದ್ದ. ರೊಟ್ಟಿ ಮುಗಿಸಿ ತಾಯಿ ನಾಲ್ಕು ಗೆರೆಯ ನೋಟ್‌ಬುಕ್ ತೆಗೆದಾಗ ಕಚ್ಚುತ್ತಿದ್ದ. ಕಚ್ಚಿದ ಕೂಡಲೇ ತಾಯಿ ಹೆದರಿ ಪುಸ್ತಕ ಮುಚ್ಚಿ, ಚುರುಮುರಿ ಕೊಟ್ಟು ಸಮಾಧಾನ ಮಾಡುತ್ತಿದ್ದರು. ಯಾವ ತಾಯಿಯಾದರೂ ಅದನ್ನೇ ಮಾಡುತ್ತಾಳೆ. ಆದರೆ ಕಚ್ಚಿದ್ದಕ್ಕೆ ಎರಡು ಸಿಕ್ಕಹಾಗಾಯಿತು, ಬರೆಯುವುದು ತಪ್ಪಿತು, ಚುರುಮುರಿ ಬಂತು. ಇದರಲ್ಲಿ ಯಾವುದಕ್ಕಾಗಿ ಕಚ್ಚುತ್ತಾನೆ? ಚುರುಮುರಿಯನ್ನು ಮೊದಲೇ ಪಕ್ಕದಲ್ಲಿಟ್ಟು ನೋಟ್‌ಬುಕ್ ತೆಗೆದೆವು. ಆಗಲೂ ಕಚ್ಚಿದ. ನೋಟ್‌ಬುಕ್ ತೆಗೆಯದೆ, ಚುರುಮುರಿಯನ್ನೂ ಕೊಡದೆ ಜೊತೆಗೆ ಕೂತೆವು. ಕಚ್ಚಲಿಲ್ಲ. ಸೂಪರ್‌ವೈಸರ್ ವಿಡಿಯೊದಲ್ಲಿ ನೋಡುತ್ತಿದ್ದರು, ಕೈಗೆ ಗಾಯವಾಗದ ಹಾಗೆ ಯಾವಾಗ ನಿಲ್ಲಿಸಬೇಕು ಅಂತ ಮೊದಲೇ ಬರೆದಿಟ್ಟುಕೊಂಡಿದ್ದೆವು. ಇಂಥ ಪರೀಕ್ಷೆಯನ್ನು ಒಬ್ಬರೇ ಮಾಡಲು ಹೋಗಬೇಡಿ.

ಅವನಿಗೆ ಬೇಕಾಗಿದ್ದು ಬರವಣಿಗೆಯಿಂದ ಬಿಡುಗಡೆ. ನೋಟ್‌ಬುಕ್ ನೋಡಿದರೆ ಕಾರಣ ಎದ್ದು ಕಾಣುತ್ತಿತ್ತು. ಪೆನ್ಸಿಲ್ ಸರಿಯಾಗಿ ಹಿಡಿಯಲು ಬಾರದ ಮಗುವಿಗೆ ಪುಟ ತುಂಬ ಒತ್ತಕ್ಷರ ನಕಲು ಮಾಡಿಸುತ್ತಿದ್ದರು. ಹಾಗಾಗಿ ಮೊದಲು ಬದಲಿಸಿದ್ದು ಕೆಲಸವನ್ನು. ದಪ್ಪ ಬಳಪ, ಪಾಟಿ, ಒಂದೇ ಅಕ್ಷರ. ಆಮೇಲೆ "ಸಾಕು" ಅಂತ ಹೇಳಲು ಕಲಿಸಿದೆವು. ಬಾಯಲ್ಲಿ ಬಾರದಿದ್ದರೆ ಒಂದು ಕಾರ್ಡು ಕೊಡುವುದು. ಅವನು ಕಚ್ಚುವುದಕ್ಕೆ ಮೊದಲೇ, ಮುಖ ಸಣ್ಣಗಾಗುವ ಹೊತ್ತಿಗೆ, ಮೆಲ್ಲಗೆ ಕಾರ್ಡಿನ ಕಡೆ ಕೈ ತೋರಿಸಬೇಕು. ಕೊಟ್ಟ ಕೂಡಲೇ ಪಾಟಿ ಪಕ್ಕಕ್ಕೆ. ಶುರುವಿನಲ್ಲಿ ಎಷ್ಟು ಸಲ ಕೇಳಿದರೂ ಬಿಡುವು ಕೊಟ್ಟೆವು. ಕೇಳಿದರೆ ಸಿಗುತ್ತದೆ ಅಂತ ನಂಬಿಕೆ ಬರಬೇಕಲ್ವಾ? ಆ ನಂಬಿಕೆ ಕೂತ ಮೇಲೆ "ಇನ್ನೊಂದು ಗೆರೆ, ಆಮೇಲೆ ಸಾಕು" ಅಂತ ನಿಧಾನಕ್ಕೆ ಹೆಚ್ಚಿಸಿದೆವು. ಇದಕ್ಕೆ ಫಂಕ್ಷನಲ್ ಕಮ್ಯುನಿಕೇಷನ್ ಟ್ರೈನಿಂಗ್ ಅನ್ನುತ್ತಾರೆ. ಕಾರ್ ಮತ್ತು ಡುರಾಂಡ್ ಎಂಬುವರು 1985ರಲ್ಲಿ ತೋರಿಸಿಕೊಟ್ಟ ದಾರಿ.

ಕಚ್ಚುವುದು ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಜ್ವರ ಬಂದಾಗ, ನಿದ್ದೆ ಕೆಟ್ಟಾಗ ಇವತ್ತಿಗೂ ಬರುತ್ತದೆ. ಆದರೆ ಈಗ ಆ ಹುಡುಗ ಸಾಲೆಯಲ್ಲೂ ಕಾರ್ಡು ಕೊಡುತ್ತಾನೆ, ಟೀಚರು ತೆಗೆದುಕೊಳ್ಳುತ್ತಾರೆ.

ಕಷ್ಟವಾದದ್ದು ಅಜ್ಜಿಯ ಪ್ರೀತಿಯ ವಿಷಯದಲ್ಲಿ. ಅವನು ನೀರಿನ ಕಡೆ ನೋಡುವ ಮೊದಲೇ ತಂಬಿಗೆ ಅವನ ಬಾಯಿಗೆ ಬರುತ್ತಿತ್ತು. "ಅವಂಗ ಏನ್ ಬೇಕಂತ ನನಗ ಗೊತ್ತಿರ್ತೈತ್ರಿ. ಕೇಳೂತನಕ ಯಾಕ ಕಾಯಿಸೂದು?" ಅನ್ನುವುದು ಅವರ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ನಾನು ಭಾಷಣ ಮಾಡಲಿಲ್ಲ. ತಂಬಿಗೆ ಹಿಡಿದು ಅವನೆದುರು ಕೂತು, ಮನಸ್ಸಿನಲ್ಲೇ ಮೂರು ಎಣಿಸಿದೆ. ಅವನು ತಂಬಿಗೆಗೆ ಕೈ ಚಾಚಿ "ನೀ" ಅಂದ. ಕೂಡಲೇ ಕೊಟ್ಟೆ. ಆಮೇಲೆ ಅಜ್ಜಿಯ ಕೈಗೆ ತಂಬಿಗೆ ಕೊಟ್ಟು ಪಕ್ಕದಲ್ಲಿ ಕೂತೆ. ಹೇಳು, ಮಾಡಿ ತೋರಿಸು, ಮಾಡಿಸು, ಮಾಡಿದ್ದರ ಬಗ್ಗೆ ಮಾತಾಡು, ಈ ನಾಲ್ಕೇ ಹೆಜ್ಜೆ. ಪುಸ್ತಕದಲ್ಲಿ ಇದಕ್ಕೆ ಬಿಹೇವಿಯರಲ್ ಸ್ಕಿಲ್ಸ್ ಟ್ರೈನಿಂಗ್ ಅಂತ ಹೆಸರು. ಅಜ್ಜಿ ಅದನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ, ಯಾಕೆಂದರೆ ದಿನವೆಲ್ಲಾ ಅವನ ಜೊತೆ ಇರುವವರು ಅವರು.

ಈಗ ಸೂಪರ್‌ವೈಸರ್ ಮಾತು. ನನ್ನವರು ಬೆಂಗಳೂರಿನಲ್ಲಿದ್ದರು, ಕನ್ನಡ ಬಲ್ಲವರು. ಅದು ನನಗೆ ಬಹಳ ದೊಡ್ಡ ಅನುಕೂಲವಾಯಿತು. ವಿಡಿಯೊ ನಿಲ್ಲಿಸಿ, "ಇಲ್ಲಿ 'ಏನು ಬೇಕು?' ಅಂತ ಕೇಳಿದ್ರಲ್ಲ, ಆ ಪ್ರಶ್ನೆಯೇ ಒಂದು ಸಹಾಯ. ಪ್ರಶ್ನೆ ಇಲ್ಲದೆ ಅವನೇ ಕೇಳುತ್ತಾನಾ ನೋಡಿ" ಅನ್ನುತ್ತಿದ್ದರು. ಇಂಥದ್ದು ಯಾವ ಕ್ವಿಜ್‌ನಲ್ಲೂ ಸಿಗಲ್ಲ. ಭಾಷೆ ಬಾರದವರಾದರೆ ಮಗು ಹೇಳಿದ್ದೇನು, ಅಜ್ಜಿ ಹೇಳಿದ್ದೇನು ಅಂತ ನೀವು ಅನುವಾದ ಮಾಡುತ್ತಾ ಕೂರಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇಷ್ಟು ಕೇಳಿ: ತಿಂಗಳಿಗೆ ಎಷ್ಟು ಹೊತ್ತು ನಾನು ಮಗುವಿನ ಜೊತೆ ಕೆಲಸ ಮಾಡುವುದನ್ನು ನೋಡುತ್ತೀರಿ? ನನ್ನ ಗಂಟೆಗಳ ದಾಖಲೆಗೆ ಯಾವ ತಾರೀಖಿನೊಳಗೆ ಸಹಿ ಹಾಕುತ್ತೀರಿ? ನೀವು ಮಧ್ಯದಲ್ಲಿ ಬಿಟ್ಟರೆ ಆಗಿರುವ ಗಂಟೆಗಳು ಏನಾಗುತ್ತವೆ? ಮಗುವಿನ ವಿಡಿಯೊ ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ? ವಾಟ್ಸಾಪಿನಲ್ಲಿ ಮಗುವಿನ ವಿಡಿಯೊ ಕಳಿಸುವುದು ಬೇಡವೇ ಬೇಡ.

ಎಬಿಎ ಬಗ್ಗೆ ಆಟಿಸಂ ಇರುವ ದೊಡ್ಡವರೇ ಬರೆದಿರುವ ಕಟು ಮಾತುಗಳನ್ನೂ ಓದಿ. ನಮ್ಮ ಸಿಲಬಸ್‌ನಲ್ಲಿ ಅದಕ್ಕೆ ಕೊಟ್ಟ ಜಾಗ ಸಾಲದು ಅಂತ ನನ್ನ ಅಭಿಪ್ರಾಯ. ಆಟಿಸಂ ಇರುವ ಮಕ್ಕಳಿಗೆ ಎಬಿಎ ಬಳಸಿದ ಮೊದಲಿಗರಲ್ಲಿ ಒಬ್ಬರಾದ ಲೋವಾಸ್ ಅವರ ಕಾಲದ ಕೆಲಸದಲ್ಲಿ ಮಕ್ಕಳನ್ನು ಗದರಿಸುವುದು, ಹೊಡೆಯುವುದು ಇತ್ತು. ಮಗು ಬೇರೆಯವರ ಹಾಗೆ ಕಾಣಬೇಕು ಅನ್ನುವ ಗುರಿ ಇತ್ತು. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಅಂತ ಗುರಿ ಬರೆಯುವುದಿಲ್ಲ. ಕೈ ಅಲ್ಲಾಡಿಸುತ್ತಾನೆ, ನಿಲ್ಲಿಸಿ ಅಂತ ಯಾರಾದರೂ ಕೇಳಿದರೆ, ಅದರಿಂದ ಯಾರಿಗೆ ನೋವಾಗುತ್ತಿದೆ ಅಂತ ಕೇಳುತ್ತೇನೆ. ಮಗು ಎದ್ದು ಹೋದರೆ ಅವತ್ತಿನ ಪಾಠ ಬದಲಾಗಬೇಕು, ಮಗುವನ್ನು ಹಿಡಿದು ಕೂರಿಸುವುದಲ್ಲ.

ಈಗ ನಾನು ಶನಿವಾರ ಗದಗ, ಹಾವೇರಿ ಕಡೆಯ ಮನೆಗಳ ಜೊತೆ ವಿಡಿಯೊ ಕಾಲ್‌ನಲ್ಲಿ ಕೆಲಸ ಮಾಡುತ್ತೇನೆ. ಇಂಗ್ಲಿಷ್‌ನಲ್ಲಿದ್ದ ದಾಖಲೆ ಹಾಳೆಗಳನ್ನೆಲ್ಲ ಕನ್ನಡದಲ್ಲಿ ಮಾಡಿಕೊಂಡಿದ್ದೇನೆ. ಓದು ಬಾರದ ತಾಯಂದಿರಿಗೆ ಹಾಳೆಯ ಮೂರೂ ಕಾಲಂನಲ್ಲಿ ಚಿತ್ರ ಬಿಡಿಸಿ, ಟಿಕ್ ಹಾಕಿದರೆ ಸಾಕು ಅನ್ನುವ ಹಾಗೆ ಮಾಡಿದ್ದೇನೆ. ಗೋವಿನಜೋಳದ ರಾಶಿ ನಡೆಯುವ ದಿನಗಳಲ್ಲಿ ಹಾಳೆ ಖಾಲಿ ಬರುತ್ತವೆ. ಆ ವಾರಗಳಿಗೆ ದಿನಕ್ಕೆ ಒಂದೇ ಹೊತ್ತು, ರಾತ್ರಿ ಊಟದ ಹೊತ್ತಿನದ್ದು ಮಾತ್ರ ಬರೆಯಿರಿ ಅಂತ ಮೊದಲೇ ಮಾತಾಡಿಕೊಳ್ಳುತ್ತೇವೆ.