ಪುನರುಜ್ಜೀವನ ಕಾಲದ ವಾಸ್ತು ಅಚ್ಚುಚಿತ್ರವನ್ನು ಓದುವ ಬಗೆ

ಹದಿನಾರನೆಯ ಶತಮಾನದ ಯುರೋಪಿನ ವಾಸ್ತು ಅಚ್ಚುಚಿತ್ರವೊಂದನ್ನು ನೋಡುವಾಗ ಕಣ್ಣು ಮೊದಲು ಎಲೆ, ಬಳ್ಳಿ, ಮುಖವಾಡಗಳ ಕಡೆಗೇ ಹರಿಯುತ್ತದೆ. ಅದನ್ನು ತಡೆದು, ಕಂಬದ ಅಳತೆಯಿಂದ ಆರಂಭಿಸಿರಿ. ಅಲಂಕಾರ ಎಲ್ಲಿ ನಿಯಮಕ್ಕೆ ಒಳಪಟ್ಟಿದೆ, ಎಲ್ಲಿ ಅದನ್ನು ಮೀರಿದೆ ಎಂಬುದು ಅಳತೆ ಗೊತ್ತಾಗುವವರೆಗೆ ತಿಳಿಯುವುದಿಲ್ಲ.

ಕಾಗದದ ಪಟ್ಟಿಯೊಂದರ ಅಂಚಿನಲ್ಲಿ ಕಂಬದ ಬುಡದ ವ್ಯಾಸವನ್ನು ಗುರುತಿಸಿಕೊಂಡು, ಪಾದ ಹಾಗೂ ಶಿರೋಭಾಗ ಸೇರಿದಂತೆ ಕಂಬದ ಎತ್ತರದಲ್ಲಿ ಅದು ಎಷ್ಟು ಬಾರಿ ಕೂರುತ್ತದೆ ಎಂದು ಎಣಿಸಿರಿ. 1562ರಲ್ಲಿ ಪ್ರಕಟವಾದ, ಇಟಲಿಯ ವಾಸ್ತುಶಿಲ್ಪಿ ವಿನ್ಯೋಲಾನ ಫಲಕಗಳಲ್ಲಿ ಕಂಬದ ಐದು ‘ಕ್ರಮ’ಗಳು, ಅಂದರೆ ಶೈಲಿಗಳು, ಇವೆ: ಟಸ್ಕನ್ ಕಂಬ 7, ಡೋರಿಕ್ 8, ಅಯೋನಿಕ್ 9, ಕೊರಿಂಥಿಯನ್ ಮತ್ತು ಕಾಂಪೋಸಿಟ್ 10 ವ್ಯಾಸಗಳಷ್ಟು ಎತ್ತರವಿರುತ್ತವೆ. ಕಂಬಗಳ ಮೇಲೆ ಅಡ್ಡಲಾಗಿ ಕೂರುವ ಭಾಗವಾದ ಎಂಟಾಬ್ಲೇಚರ್‌ನ ಎತ್ತರ ಕಂಬದ ಕಾಲುಭಾಗ, ಕೆಳಗಿನ ಪೀಠ ಮೂರನೆಯ ಒಂದು ಭಾಗ. ಆದರೆ 1537ರಲ್ಲಿ ವೆನಿಸ್‌ನಲ್ಲಿ ಅಚ್ಚಾದ, ಇಟಲಿಯ ಇನ್ನೊಬ್ಬ ವಾಸ್ತುಶಿಲ್ಪಿ ಸೆರ್ಲಿಯೋನ ಕೃತಿಯಲ್ಲಿ ಇದೇ ಐದು ಕ್ರಮಗಳು 6ರಿಂದ 10ರವರೆಗೆ ಒಂದೊಂದೇ ವ್ಯಾಸ ಏರುತ್ತವೆ. ಆದ್ದರಿಂದ ಡೋರಿಕ್ ಕಂಬದಲ್ಲಿ ಏಳು ಎಣಿಸಿದರೆ ಚಿತ್ರಕಾರ ತಪ್ಪಿದನೆಂದು ಅವಸರದಲ್ಲಿ ತೀರ್ಮಾನಿಸಬಾರದು. ಆತ ಬೇರೆ ಗುರುವನ್ನು ಅನುಸರಿಸಿರಬಹುದು.

ಅನಂತರ ಅಲಂಕಾರಕ್ಕೆ ಬನ್ನಿ. ಡೋರಿಕ್ ಫ್ರೀಜ್‌ನಲ್ಲಿ, ಅಂದರೆ ಎಂಟಾಬ್ಲೇಚರ್‌ನ ನಡುಪಟ್ಟಿಯಲ್ಲಿ, ಮೂರು ಪಟ್ಟೆಗಳ ಅಲಂಕಾರವಾದ ಟ್ರೈಗ್ಲಿಫ್ ಕಂಬದ ನಡುಗೆರೆಯ ನೇರಕ್ಕೇ ಬಂದಿದೆಯೇ, ಎರಡು ಟ್ರೈಗ್ಲಿಫ್‌ಗಳ ನಡುವಿನ ಜಾಗವಾದ ಮೆಟೊಪ್ ಚೌಕವಾಗಿದೆಯೇ ಎಂದು ನೋಡಿರಿ. ಟ್ರೈಗ್ಲಿಫ್ ಮರದ ತೊಲೆಯ ತುದಿಯ ನೆನಪು ಎಂದು ಪ್ರಾಚೀನ ರೋಮಿನ ವಾಸ್ತುಗ್ರಂಥಕಾರ ವಿಟ್ರೂವಿಯಸ್ ವಿವರಿಸಿದ್ದಾನೆ; ಆ ತೊಲೆಯ ಭಾರ ಕಂಬದ ಮೇಲೆ ಇಳಿಯುವಂತೆ ತೋರಬೇಕಾದ್ದರಿಂದಲೇ ಅದರ ಸ್ಥಾನಕ್ಕೆ ಇಷ್ಟು ಮಹತ್ವ. ಎಲೆಗಳನ್ನೂ ಮಣಿಸಾಲುಗಳನ್ನೂ ಮನಸ್ಸಿನಲ್ಲಿ ಅಳಿಸಿದರೂ ಅಡಿಯ ಅಚ್ಚುಗಟ್ಟಾದ ಬಾಗುಗೆರೆಗಳು ಉಳಿಯುವಂತಿದ್ದರೆ, ಅಲಂಕಾರ ರಚನೆಯ ಮೇಲೆ ಕುಳಿತಿದೆ ಎಂದರ್ಥ. ಜರ್ಮನ್ ಕಲಾವಿದ ಡೀಟರ್‌ಲಿನ್‌ನ 1598ರ ಫಲಕಗಳಲ್ಲಿ ಈ ಪರೀಕ್ಷೆ ಹಲವೆಡೆ ಸೋಲುತ್ತದೆ: ಅಲ್ಲಿ ಪಟ್ಟಿಬಳ್ಳಿಗಳೂ ಮನುಷ್ಯರೂಪಗಳೂ ಕಂಬವನ್ನೇ ನುಂಗಿರುತ್ತವೆ. ಕೆಲವರು ಇದನ್ನು ಅವನತಿ ಎನ್ನುವರು. ನನಗಂತೂ ನಿಯಮವನ್ನು ಚೆನ್ನಾಗಿ ಬಲ್ಲವನ ಆಟದಂತೆ ಕಾಣುತ್ತದೆ.

ಕೊನೆಗೆ ಮುದ್ರಣದ ತಂತ್ರವನ್ನು ಗಮನಿಸಿರಿ. ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೋನ 1570ರ ಗ್ರಂಥದಂತೆ ಮರದಚ್ಚಿನದಾದರೆ ಗೆರೆಗಳು ತುಸು ದಪ್ಪವಾಗಿರುವುದು ಸಹಜ. ತಾಮ್ರಫಲಕದಲ್ಲಾದರೆ ನವುರಾದ ಗೆರೆಗಳ ನೆರಳು ಅಂಚುಗಳ ಆಳವನ್ನು ಕೂಡ ತಿಳಿಸುತ್ತದೆ. ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ನೆರಳು ಎದುರುಬದುರು ದಿಕ್ಕಿಗೆ ಬಿದ್ದಿದ್ದರೆ ಒಂದು ಇನ್ನೊಂದರ ನಕಲಾಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಫಲಕದ ಮೇಲೆ ನೇರವಾಗಿ ಕೆತ್ತಿದ್ದು ಕಾಗದದ ಮೇಲೆ ತಿರುವುಮುರುವಾಗಿ ಮೂಡುತ್ತದೆ.